ಹಳೆ ಇಳಕಲ್ ಸೀರೆಗಳಿಂದ ಬಣ್ಣದ ಪ್ಯಾಲೆಟ್: ಮಾಡೆಲ್ ಬರೀ ಬೂದು, ಕಂದು ಕೊಡುತ್ತಿದೆ. ಏನು ಮಾಡಲಿ?

ಸೆರಗು_ಅಂಚು
ಎಲ್ಲರಿಗೂ ನಮಸ್ಕಾರ. ಬಾಗಲಕೋಟೆ ಕಡೆಯ ಕೈಮಗ್ಗದ ನೇಕಾರರ ಒಂದು ಗುಂಪಿಗೆ ವಿನ್ಯಾಸದ ಕೆಲಸ ಮಾಡಿಕೊಡುತ್ತೇನೆ. ಹೊಸ ಸೀರೆಗಳಿಗೆ ಬಣ್ಣ ಕೂಡಿಸುವುದು ನನ್ನ ಪಾಲಿಗೆ ಬಂದಿದೆ. ಹಳೆ ಮನೆಗಳ ಪೆಟ್ಟಿಗೆಯಲ್ಲಿರುವ ಇಳಕಲ್ ಸೀರೆಗಳನ್ನು ನೋಡಿದಾಗಲೆಲ್ಲ ಅನಿಸುತ್ತದೆ, ಇಷ್ಟು ಧೈರ್ಯವಾಗಿ ಬಣ್ಣ ಕೂಡಿಸುತ್ತಿದ್ದವರ ಕಣ್ಣನ್ನು ಹೇಗಾದರೂ ಉಳಿಸಿಕೊಳ್ಳಬೇಕು ಅಂತ.

ಹಾಗಾಗಿ ಕೆಲವು ನೂರು ಸೀರೆಗಳ ಫೋಟೋ ಕೂಡಿಸಿದ್ದೇನೆ. ಪ್ರತಿ ಫೋಟೋದಿಂದ ಕೆ-ಮೀನ್ಸ್ (ಹತ್ತಿರದ ಬಣ್ಣಗಳನ್ನು ಗುಂಪು ಮಾಡುವ ಲೆಕ್ಕ) ಹಾಕಿ ಐದು ಬಣ್ಣ ತೆಗೆದೆ. ಆ ಐದೈದು ಬಣ್ಣಗಳ ಮೇಲೆ ಒಂದು ಚಿಕ್ಕ ನ್ಯೂರಲ್ ನೆಟ್‌ವರ್ಕ್ ತರಬೇತಿ ಮಾಡಿಸಿದೆ. ಎರಡು ಬಣ್ಣ ಕೊಟ್ಟರೆ ಉಳಿದ ಮೂರು ಅದು ಹೇಳಬೇಕು.

ಎರಡು ತೊಂದರೆ ಬರುತ್ತಿದೆ. ಒಂದು, ಅಂಚಿನಲ್ಲಿರುವ ಸಣ್ಣ ಹಳದಿ, ಬಿಳಿ ಗೆರೆಗಳು ಪ್ಯಾಲೆಟ್‌ಗೇ ಬರುವುದಿಲ್ಲ. ಒಂದೇ ಒಡಲಿನ ಹಸಿರು ಮೂರು ಸಲ ಬರುತ್ತದೆ. ಎರಡು, ನೆಟ್‌ವರ್ಕ್ ಏನೇ ಕೊಟ್ಟರೂ ಬೂದು, ಕಂದು, ಮಣ್ಣಿನ ಬಣ್ಣ ಹೇಳುತ್ತದೆ. ಮೂಲ ಸೀರೆಗಳಲ್ಲಿ ಅಂಥ ಬಣ್ಣವೇ ಇಲ್ಲ! ಗೊತ್ತಿರುವವರು ದಯವಿಟ್ಟು ಹೇಳಿ.

ಕೋಡುಬಳೆ
ಆರ್‌ಜಿಬಿಯಲ್ಲಿ (ಪರದೆಯ ಕೆಂಪು-ಹಸಿರು-ನೀಲಿ ಸಂಖ್ಯೆಗಳಲ್ಲಿ) ಕೆ-ಮೀನ್ಸ್ ಹಾಕಿದ್ದೀರಾ? ಮೊದಲು ಅದನ್ನು ಬಿಡಿ. ಲ್ಯಾಬ್ ಅನ್ನುವ, ಕಣ್ಣಿಗೆ ಕಾಣುವಂತೆ ಬಣ್ಣ ಅಳೆಯುವ ಪದ್ಧತಿಗೆ ಬದಲಾಯಿಸಿ.

ಮೂರನೇ_ಬೆಂಚು
ಕೋಡುಬಳೆ ಹೇಳಿದ್ದು ಸರಿ, ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕೆ-ಮೀನ್ಸ್ ಬಹಳ ಹಳೇ ಲೆಕ್ಕ. ಸ್ಟುವರ್ಟ್ ಲಾಯ್ಡ್ ಬೆಲ್ ಲ್ಯಾಬ್ಸ್‌ನಲ್ಲಿ 1957ರಲ್ಲೇ ಮಾಡಿದ್ದರು, ಅಚ್ಚಾಗಿದ್ದು 1982ರಲ್ಲಿ. ಪ್ರತಿ ಪಿಕ್ಸೆಲ್ಲನ್ನೂ ಹತ್ತಿರದ ಗುಂಪಿಗೆ ಸೇರಿಸು, ಗುಂಪಿನ ಸರಾಸರಿ ತೆಗೆ, ಮತ್ತೆ ಸೇರಿಸು. ಇಷ್ಟೇ. ಇದರಲ್ಲಿ "ಹತ್ತಿರ" ಅಂದರೆ ಏನು ಅನ್ನುವುದೇ ಮುಖ್ಯ. ಆರ್‌ಜಿಬಿಯ ದೂರಕ್ಕೂ ಕಣ್ಣಿಗೆ ಕಾಣುವ ದೂರಕ್ಕೂ ತಾಳೆಯಾಗುವುದಿಲ್ಲ. ಹಸಿರಿನಲ್ಲಿ ದೊಡ್ಡ ವ್ಯತ್ಯಾಸ ಇದ್ದರೂ ಕಣ್ಣು ಒಂದೇ ಅನ್ನುತ್ತದೆ, ಬೇರೆ ಕಡೆ ಸಣ್ಣ ವ್ಯತ್ಯಾಸವೂ ಎದ್ದು ಕಾಣುತ್ತದೆ. ಅದನ್ನು ಸರಿ ಮಾಡಲೆಂದೇ 1976ರಲ್ಲಿ ಸಿಐಇ ಲ್ಯಾಬ್ ಬಂತು. ಅದರಲ್ಲೂ ನೀಲಿ ಕಡೆ ತೊಂದರೆ ಇದೆ: ನೀಲಿಯನ್ನು ತಿಳಿ ಮಾಡುತ್ತ ಹೋದರೆ ನೇರಳೆಗೆ ವಾಲುತ್ತದೆ. 2020ರಲ್ಲಿ ಬ್ಯೋರ್ನ್ ಒಟ್ಟೊಸನ್ ಕೊಟ್ಟ ಓಕೆಲ್ಯಾಬ್ ಆ ವಿಷಯದಲ್ಲಿ ಉತ್ತಮ, ಕೋಡ್ ಕೂಡ ಹತ್ತಿಪ್ಪತ್ತು ಸಾಲು ಅಷ್ಟೆ. ನಾನಾದರೆ ಅದನ್ನೇ ಹಾಕುತ್ತೇನೆ.

ಆದರೆ ನಿಮ್ಮ ಮೊದಲ ತೊಂದರೆ ಇದರಿಂದ ಪೂರ್ತಿ ಹೋಗಲ್ಲ. ಕೆ-ಮೀನ್ಸ್ ಪಿಕ್ಸೆಲ್ ಎಣಿಸುತ್ತದೆ. ಫೋಟೋದ ಮುಕ್ಕಾಲು ಭಾಗ ಒಡಲು. ಮಡಿಕೆ, ನೆರಳು, ಹೊಳಪು ಸೇರಿ ಒಂದೇ ಹಸಿರು ನೂರು ಹಸಿರಾಗಿರುತ್ತದೆ. ಆ ವ್ಯತ್ಯಾಸಕ್ಕೇ ಮೂರು ಗುಂಪು ಖರ್ಚಾಗುತ್ತದೆ. ಎರಡು ನೂಲಿನ ಹಳದಿ ಗೆರೆಗೆ ಗುಂಪು ಎಲ್ಲಿಂದ ಉಳಿಯಬೇಕು?

ದಾರಿ ಸುಲಭ ಇದೆ. ಒಡಲು, ಅಂಚು, ಸೆರಗು ಬೇರೆ ಬೇರೆ ಕತ್ತರಿಸಿ. ಒಂದೊಂದರಲ್ಲೂ ಪ್ರತ್ಯೇಕವಾಗಿ ಬಣ್ಣ ತೆಗೆಯಿರಿ. ಒಡಲಿಗೆ ಒಂದು ಅಥವಾ ಎರಡು, ಅಂಚಿಗೆ ನಾಲ್ಕು, ಸೆರಗಿಗೆ ಮೂರು ಸಾಕು. ಮತ್ತೆ ಬೆಳಕು-ಕತ್ತಲಿನ ಅಕ್ಷಕ್ಕೆ ತೂಕ ಕಡಿಮೆ ಕೊಟ್ಟರೆ ಮಡಿಕೆಯ ನೆರಳು ಬೇರೆ ಬಣ್ಣ ಅಂತ ಎಣಿಕೆಯಾಗುವುದಿಲ್ಲ.

ಬಣ್ಣದಂಗಡಿ
ಇದಕ್ಕೆಲ್ಲ ಮಷೀನ್ ಲರ್ನಿಂಗ್ ಯಾಕೆ ಬೇಕು ಅಂತ ಗೊತ್ತಾಗಲಿಲ್ಲ. ಬಣ್ಣದ ಚಕ್ರ ಇದೆಯಲ್ಲ. ಎದುರು ಬದುರು ಇರುವ ಎರಡು ಬಣ್ಣ ತಗೊಳ್ಳಿ, ಅಥವಾ ತ್ರಿಕೋನ ಹಾಕಿ. ಆರ್ಟ್ ಸ್ಕೂಲ್‌ನಲ್ಲಿ ನಾವೆಲ್ಲ ಕಲಿತದ್ದು ಅದೇ. ಇಷ್ಟು ವರ್ಷ ಕೆಲಸ ಮಾಡಿದೆ, ಇನ್ನೂ ಮಾಡುತ್ತದೆ.

ಗಣಿತದ_ಮೇಷ್ಟ್ರು
ಬಣ್ಣದಂಗಡಿಯವರೇ, ಕೆಲಸ ಮಾಡುತ್ತದೆ ಅನ್ನುವುದನ್ನು ಯಾರಾದರೂ ಅಳೆದಿದ್ದಾರಾ? ಅಳೆದಿದ್ದಾರೆ. 2011ರ ಕಂಪ್ಯೂಟರ್ ಗ್ರಾಫಿಕ್ಸ್ ಸಮ್ಮೇಳನ ಸಿಗ್ರಾಫ್‌ನಲ್ಲಿ ಓಡೊನೊವನ್, ಅಗರ್‌ವಾಲಾ, ಹರ್ಟ್ಸ್‌ಮನ್ ಮೂವರ ಪ್ರಬಂಧ ಇದೆ. ಅಡೋಬಿಯ ಕುಲರ್ ಮತ್ತು ಕಲರ್‌ಲವರ್ಸ್ ತಾಣಗಳಲ್ಲಿ ಜನ ತಾವೇ ಮಾಡಿ, ತಾವೇ ಅಂಕ ಕೊಟ್ಟ ಐದು ಬಣ್ಣದ ಪ್ಯಾಲೆಟ್‌ಗಳನ್ನು ದೊಡ್ಡ ಸಂಖ್ಯೆಯಲ್ಲಿ ತೆಗೆದುಕೊಂಡು ನೋಡಿದರು. ಚಕ್ರದ ಮೇಲಿನ ತ್ರಿಕೋನ, ಎದುರು-ಬದುರು ಮುಂತಾದ ಅಚ್ಚುಗಳಿಗೆ ಕೂತ ಮಾತ್ರಕ್ಕೆ ಜನರಿಗೆ ಹೆಚ್ಚು ಇಷ್ಟವಾಗುತ್ತದೆ ಅನ್ನುವುದಕ್ಕೆ ಆ ದತ್ತಾಂಶದಲ್ಲಿ ಗಟ್ಟಿ ಆಧಾರ ಸಿಗಲಿಲ್ಲ. ಅದರ ಬದಲು ಬೇರೆ ಬೇರೆ ಗುಣಗಳನ್ನು ಲೆಕ್ಕ ಹಾಕಿ, ಲ್ಯಾಸೋ ಅನ್ನುವ ಸರಳ ರಿಗ್ರೆಶನ್‌ನಿಂದ ಅಂಕ ಊಹಿಸಿದರು.

ಬಣ್ಣದಂಗಡಿ
ಆ ತಾಣಗಳಿಗೆ ಹೋಗುವವರು ಯಾರು? ವೆಬ್ ಡಿಸೈನರ್‌ಗಳು. ಅವರ ರುಚಿ ಇಳಕಲ್ ಸೀರೆ ಉಡುವವರ ರುಚಿ ಹೇಗಾಗುತ್ತದೆ?

ಗಣಿತದ_ಮೇಷ್ಟ್ರು
ಆಗುವುದಿಲ್ಲ. ಅದಕ್ಕೇ ಸೆರಗು_ಅಂಚು ತಾವೇ ಸೀರೆಗಳ ದತ್ತಾಂಶ ಕೂಡಿಸುತ್ತಿರುವುದು. ನಿಮ್ಮ ಈ ಮಾತು ಮಷೀನ್ ಲರ್ನಿಂಗ್‌ಗೆ ವಿರುದ್ಧ ಅಲ್ಲ, ಬೇರೆಯವರ ದತ್ತಾಂಶಕ್ಕೆ ವಿರುದ್ಧ. ಚಕ್ರವೂ ಒಂದು ಕಾಲದ, ಒಂದು ಊರಿನ ರುಚಿಯೇ ಅಲ್ವಾ?

ಹುಣಸೆಮರ_ಕೋಡ್
ಈಗ ಎರಡನೇ ತೊಂದರೆಗೆ ಬರುತ್ತೇನೆ. ಬೂದು ಬರುವುದು ನಿಮ್ಮ ನೆಟ್‌ವರ್ಕ್ ಕೆಟ್ಟಿದೆ ಅಂತಲ್ಲ. ನೀವು ಕೇಳಿದ್ದನ್ನೇ ಅದು ಚೆನ್ನಾಗಿ ಮಾಡುತ್ತಿದೆ.

ಲಾಸ್ ಫಂಕ್ಷನ್ (ಮಾಡೆಲ್ ಎಷ್ಟು ತಪ್ಪಿತು ಅಂತ ಅಳೆಯುವ ಲೆಕ್ಕ) ಏನು ಹಾಕಿದ್ದೀರಿ? ಬಹುಶಃ ವ್ಯತ್ಯಾಸದ ವರ್ಗ. ಕೆಂಪು ಸೆರಗಿನ ಜೊತೆ ಅರ್ಧ ಸೀರೆಗಳಲ್ಲಿ ಗಿಳಿ ಹಸಿರು, ಇನ್ನರ್ಧದಲ್ಲಿ ಬದನೆಕಾಯಿ ನೇರಳೆ ಇದೆ ಅಂದುಕೊಳ್ಳಿ. ವರ್ಗದ ಮೊತ್ತ ಅತಿ ಕಡಿಮೆ ಆಗಬೇಕಾದರೆ ಎರಡರ ಸರಾಸರಿಯನ್ನೇ ಹೇಳಬೇಕು. ಹಸಿರು, ನೇರಳೆಯ ಸರಾಸರಿ ಏನು? ಮಾಸಲು ಬೂದು. ಎರಡೂ ಸರಿ ಉತ್ತರ, ನಡುವಿನದು ಮಾತ್ರ ತಪ್ಪು. ಸರಾಸರಿಗೆ ಅದು ಗೊತ್ತಾಗುವುದಿಲ್ಲ.

ಕಪ್ಪು ಬಿಳುಪು ಫೋಟೋಗೆ ಬಣ್ಣ ಹಚ್ಚುವ ಮಾಡೆಲ್‌ಗಳಲ್ಲೂ ಇದೇ ಆಗುತ್ತಿತ್ತು. 2016ರಲ್ಲಿ ಜಾಂಗ್, ಐಸೋಲಾ, ಎಫ್ರೋಸ್ ಒಂದು ದಾರಿ ತೋರಿಸಿದರು. ಬಣ್ಣವನ್ನು ಸಂಖ್ಯೆ ಅಂತ ಊಹಿಸಬೇಡ, ಮೊದಲೇ ಮಾಡಿಟ್ಟ ಗುಂಪುಗಳಲ್ಲಿ ಒಂದು ಅಂತ ಆರಿಸು. ಲ್ಯಾಬ್‌ನ ಎ-ಬಿ ತಲವನ್ನು (ಬೆಳಕು ಬಿಟ್ಟು ಬಣ್ಣ ಮಾತ್ರ ಹೇಳುವ ಎರಡು ಅಕ್ಷಗಳನ್ನು) 313 ಚೌಕ ಮಾಡಿ, ಯಾವ ಚೌಕಕ್ಕೆ ಎಷ್ಟು ಸಂಭವ ಅಂತ ಹೇಳಿಸಿದರು. ಅಪರೂಪದ ಗಾಢ ಬಣ್ಣಗಳಿಗೆ ತೂಕ ಹೆಚ್ಚು ಕೊಟ್ಟರು. ಆಗ ಮಾಡೆಲ್ "ಹಸಿರು 40 ಪಾಲು, ನೇರಳೆ 40 ಪಾಲು" ಅಂತ ಹೇಳಬಹುದು, ನೀವು ಅದರಲ್ಲಿ ಒಂದನ್ನು ಎತ್ತಿಕೊಳ್ಳಬಹುದು.

ಇನ್ನೂ ಎರಡು ವಿಷಯ ನೋಡಿ. ವರ್ಣದ ಕೋನವನ್ನು (ಬಣ್ಣದ ಚಕ್ರದ ಮೇಲಿನ ಜಾಗವನ್ನು) ನೇರ ಸಂಖ್ಯೆ ಅಂತ ಕೊಟ್ಟಿದ್ದರೆ ಅದೂ ಅಪಾಯ. 350 ಡಿಗ್ರಿಯೂ ಕೆಂಪು, 10 ಡಿಗ್ರಿಯೂ ಕೆಂಪು. ಸರಾಸರಿ 180, ಅಂದರೆ ಹಸಿರು-ನೀಲಿ! ಕೋನದ ಸೈನ್, ಕೊಸೈನ್ ಕೊಡಿ, ಇಲ್ಲವೇ ಕೋನವನ್ನೇ ಬಿಟ್ಟು ಓಕೆಲ್ಯಾಬ್‌ನ ಎ, ಬಿ ಕೊಡಿ. ಆಮೇಲೆ ಐದು ಬಣ್ಣದ ಕ್ರಮ. ಒಂದು ಪ್ಯಾಲೆಟ್‌ನಲ್ಲಿ ಮೊದಲ ಜಾಗದಲ್ಲಿ ಒಡಲು, ಇನ್ನೊಂದರಲ್ಲಿ ಮೊದಲ ಜಾಗದಲ್ಲಿ ಅಂಚು ಇದ್ದರೆ ಅಲ್ಲೂ ಸರಾಸರಿಯ ಕಾಟ. ಮೂರನೇ_ಬೆಂಚು ಹೇಳಿದಂತೆ ಭಾಗ ಮಾಡಿದರೆ ಈ ಗೋಜು ತಾನಾಗೇ ಹೋಗುತ್ತದೆ, ಯಾಕೆಂದರೆ ಪ್ರತಿ ಜಾಗಕ್ಕೂ ಒಂದು ಅರ್ಥ ಇರುತ್ತದೆ.

ಪಡುವಣ_ಗಾಳಿ
ಗ್ಯಾನ್ (ಎರಡು ನೆಟ್‌ವರ್ಕ್ ಪೈಪೋಟಿ ಮಾಡಿ ಹೊಸದನ್ನು ಸೃಷ್ಟಿಸುವ ಮಾಡೆಲ್) ಹಾಕಿದರೆ ಸರಾಸರಿ ತೊಂದರೆ ಬರಲ್ಲ. ಕಲರ್‌ಮೈಂಡ್ ಅನ್ನುವ ತಾಣ ಅದನ್ನೇ ಮಾಡುತ್ತದೆ. ಒಂದೆರಡು ಬಣ್ಣ ಬೀಗ ಹಾಕಿಟ್ಟರೆ ಉಳಿದದ್ದು ತುಂಬಿಕೊಡುತ್ತದೆ. ನಾನು ಆಪ್‌ಗಳಿಗೆ ಬಳಸುತ್ತೇನೆ, ಚೆನ್ನಾಗಿದೆ.

ಹುಣಸೆಮರ_ಕೋಡ್
ಕೆಲವು ನೂರು ಸೀರೆಗೆ ಗ್ಯಾನ್? ಬೇಡ ಅಂತ ಕೈಮುಗಿದು ಹೇಳುತ್ತೇನೆ. ಅಷ್ಟು ಕಡಿಮೆ ದತ್ತಾಂಶದಲ್ಲಿ ಅದು ನಾಲ್ಕೈದು ಪ್ಯಾಲೆಟ್ ಬಾಯಿಪಾಠ ಮಾಡಿಕೊಂಡು ಅವನ್ನೇ ತಿರುಗಿಸಿ ಕೊಡುವ ಸಂಭವ ಜಾಸ್ತಿ. ಸರಳವಾದ್ದರಿಂದ ಶುರು ಮಾಡಿ: ಹತ್ತಿರದ ನೆರೆ ಹುಡುಕುವುದು. ನೀವು ಎರಡು ಬಣ್ಣ ಕೊಡಿ, ಅದಕ್ಕೆ ಹತ್ತಿರದ ಬಣ್ಣವಿರುವ ಹತ್ತು ಹಳೆ ಸೀರೆ ತೋರಿಸಲಿ. ಅದು ಮೂಲ ಸೀರೆಯ ಫೋಟೋ ಸಮೇತ ತೋರಿಸುತ್ತದೆ. ನೇಕಾರರಿಗೂ ನಂಬಿಕೆ ಬರುತ್ತದೆ. ಬೇಕೆನಿಸಿದರೆ ಆಮೇಲೆ ಒಂದು ಬಣ್ಣ ಮುಚ್ಚಿಟ್ಟು ಊಹಿಸುವ ಚಿಕ್ಕ ಮಾಡೆಲ್ ಮಾಡಿ.

ಪಡುವಣ_ಗಾಳಿ
ಹತ್ತಿರದ ನೆರೆ ಹುಡುಕಿದರೆ ಹೊಸದು ಏನೂ ಬರಲ್ಲವಲ್ಲ. ಹಳೆಯದನ್ನೇ ತೋರಿಸುತ್ತದೆ. ಅದು ಹುಡುಕಾಟ, ಸೃಷ್ಟಿ ಅಲ್ಲ.

ಹುಣಸೆಮರ_ಕೋಡ್
ಹತ್ತು ಸೀರೆ ನೋಡಿದ ಮೇಲೆ ಹನ್ನೊಂದನೆಯದು ಹೊಳೆಯುವುದು ಮನುಷ್ಯನಿಗೆ. ಅಷ್ಟಾದರೆ ಸಾಕು ಅನ್ನುತ್ತೇನೆ ನಾನು.

ಲಾಳಿ_ಸದ್ದು
ನಮ್ಮ ಮನೆಯಲ್ಲಿ ಮಗ್ಗ ಇತ್ತು, ಅಪ್ಪ ನೇಯುತ್ತಿದ್ದರು. ನೀವೆಲ್ಲ ಮಾತಾಡುತ್ತಿರುವುದು ಪರದೆಯ ಬಣ್ಣ. ಸೀರೆಯ ಬಣ್ಣ ಬೇರೆ. ಸ್ವಲ್ಪ ಉದ್ದ ಆಗುತ್ತದೆ, ಓದಿ.

ಮೊದಲನೆಯದು ಹಾಸು (ಉದ್ದದ ಎಳೆ) ಮತ್ತು ಹೊಕ್ಕು (ಅಡ್ಡ ಎಳೆ). ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದು ಬಣ್ಣ ಇದ್ದರೆ ಬಟ್ಟೆ ಮೂರನೇ ಬಣ್ಣವಾಗಿ ಕಾಣುತ್ತದೆ. ಒಂದು ಕಡೆಯಿಂದ ನೋಡಿದರೆ ಕಪ್ಪು, ಅಲ್ಲಾಡಿಸಿದರೆ ಕೆಂಪು ಮಿಂಚುತ್ತದೆ. ಫೋಟೋದಲ್ಲಿ ಅದು ಒಂದು ಮಂಕು ಕಂದು. ನಿಮ್ಮ ಕಂದು ಬಣ್ಣ ಅರ್ಧ ಅಲ್ಲಿಂದ ಬಂದಿರಬಹುದು. ನೇಕಾರನಿಗೆ ಆ ಕಂದಿನ ಸಂಖ್ಯೆ ಕೊಟ್ಟು ಏನು ಮಾಡುತ್ತೀರಿ? ಅವನಿಗೆ ಬೇಕಿರುವುದು ಎರಡು ನೂಲಿನ ಬಣ್ಣ.

ಎರಡನೆಯದು, ಇಳಕಲ್ ಸೀರೆಯಲ್ಲಿ ಎಲ್ಲ ಬಣ್ಣವೂ ಬದಲಾಗಬೇಕಿಲ್ಲ. ಟೋಪ್ ತೆನಿ ಸೆರಗು ಅಂದರೆ ಕೆಂಪು ರೇಷ್ಮೆ, ಅದರಲ್ಲಿ ಬಿಳಿ ತೆನೆ. ಸೆರಗಿಗೆ ಬೇರೆ ಹಾಸು ತಂದು ಒಡಲಿನ ಹಾಸಿಗೆ ಒಂದೊಂದೇ ಎಳೆ ಕುಣಿಕೆ ಹಾಕಿ ಕೂಡಿಸುತ್ತಾರೆ. ಅದೇ ಕೊಂಡಿ. ಹಾಗೆ ಮಾಡುವುದರಿಂದಲೇ ಒಡಲಿನ ಬಣ್ಣ ಸೆರಗಿನ ಕೆಂಪಿನೊಳಗೆ ಬೆರೆಯದೆ ಕೆಂಪು ಕೆಂಪಾಗೇ ನಿಲ್ಲುತ್ತದೆ. ನಿಮ್ಮ ಮಾಡೆಲ್ ನೀಲಿ ಸೆರಗು ಹೇಳಿದರೆ ಅದು ಇಳಕಲ್ ಸೀರೆ ಅನಿಸುವುದೇ ಇಲ್ಲ. ಸೆರಗಿನ ಕೆಂಪು, ಬಿಳಿ ಗಟ್ಟಿ ಇಡಿ. ಒಡಲು ಮತ್ತು ದಡಿ (ಅಂಚು) ಮಾತ್ರ ಕೇಳಿ.

ಮೂರನೆಯದು ಜರಿ. ಜರಿ ಬಣ್ಣ ಅಲ್ಲ, ಹೊಳಪು. ಫೋಟೋದಲ್ಲಿ ಅದು ಕಂದಿನಿಂದ ಬಿಳಿಯವರೆಗೆ ಏನು ಬೇಕಾದರೂ ಆಗುತ್ತದೆ. ಅದನ್ನು ಕತ್ತರಿಸಿ ಹೊರಗಿಡಿ. "ಜರಿ ಇದೆ, ಜರಿ ಇಲ್ಲ" ಅಂತ ಬರೆದುಕೊಂಡರೆ ಸಾಕು.

ಮೂರನೇ_ಬೆಂಚು
ಲಾಳಿ_ಸದ್ದು ಅವರೇ, ಈ ಇಡೀ ಚರ್ಚೆಯಲ್ಲಿ ಇದಕ್ಕಿಂತ ಉಪಯೋಗದ ಮಾತು ಬಂದಿಲ್ಲ.

ಹಾಸು-ಹೊಕ್ಕಿನ ಬೆರಕೆಗೆ ಒಂದು ಲೆಕ್ಕ ಇದೆ. ಹತ್ತಿರದಿಂದ ಎರಡು ಎಳೆ, ದೂರದಿಂದ ಒಂದೇ ಬಣ್ಣ. ಇಲ್ಲಿ ಕಣ್ಣಿಗೆ ಸೇರುವುದು ಬೆಳಕು. ಹಾಗಾಗಿ ಪರದೆಯ ಸಂಖ್ಯೆಗಳ ಸರಾಸರಿ ತೆಗೆಯಬಾರದು, ಬೆಳಕಿನ ಸರಾಸರಿ ತೆಗೆಯಬೇಕು. ಪೂರ್ತಿ ಕೆಂಪು (255, 0, 0), ಪೂರ್ತಿ ಹಸಿರು (0, 255, 0) ಅರ್ಧರ್ಧ ಬೆರೆಸಿ. ಸುಮ್ನೆ ಸರಾಸರಿ ಹಾಕಿದರೆ (127, 127, 0) ಬರುತ್ತದೆ, ಕೊಳಕು ಖಾಕಿ. ಗಾಮಾ (ಪರದೆಗಾಗಿ ಬೆಳಕಿನ ಸಂಖ್ಯೆ ತಿದ್ದುವ ಲೆಕ್ಕ) ತೆಗೆದು ಬೆಳಕಿನಲ್ಲಿ ಬೆರೆಸಿ ಮತ್ತೆ ಪರದೆಗೆ ತಂದರೆ ಸುಮಾರು (188, 188, 0), ಎಷ್ಟೋ ತಿಳಿಯಾದ ಹಳದಿ. ನಿಜವಾದ ಬಟ್ಟೆಯಲ್ಲಿ ಎಳೆಗಳ ನಡುವಿನ ನೆರಳಿನಿಂದ ಇನ್ನೂ ಸ್ವಲ್ಪ ಮಂಕಾಗುತ್ತದೆ.

ಉಲ್ಟಾ ಲೆಕ್ಕವೂ ಮಾಡಬಹುದು. ನಿಮ್ಮ ಹತ್ತಿರ ಇರುವ ನೂಲಿನ ಬಣ್ಣಗಳ ಪಟ್ಟಿ ತಗೊಂಡು, ಯಾವ ಎರಡು ಬೆರೆತರೆ ಫೋಟೋದ ಬಣ್ಣಕ್ಕೆ ಹತ್ತಿರ ಅಂತ ಎಲ್ಲ ಜೋಡಿಯನ್ನೂ ಹೋಲಿಸುವುದು. ಐವತ್ತು ನೂಲಿದ್ದರೆ 1225 ಜೋಡಿ. ಫೋನ್ ಕೂಡ ಕ್ಷಣದಲ್ಲಿ ಮಾಡುತ್ತದೆ. ಮಷೀನ್ ಲರ್ನಿಂಗ್ ಬೇಕೇ ಇಲ್ಲ.

ಕೋಡುಬಳೆ
ಆ ಪಟ್ಟಿಯ ಬಗ್ಗೆ ಒಂದು ಮಾತು. ಮಾಡೆಲ್‌ಗೆ ಒಂದೂವರೆ ಕೋಟಿಗೂ ಹೆಚ್ಚು ಬಣ್ಣದಲ್ಲಿ ಆರಿಸಲು ಬಿಡಬೇಡಿ. ಬಣ್ಣ ಹಾಕುವವರು ಕೊಡಬಲ್ಲ ನೂಲಿನ ಬಣ್ಣಗಳನ್ನೇ ಆರಿಸುವ ಗುಂಪು ಮಾಡಿ. ಹುಣಸೆಮರ ಹೇಳಿದ 313 ಚೌಕದ ಬದಲು ನಿಮ್ಮದು ಐವತ್ತು ಲಡಿ (ನೂಲಿನ ಸುರುಳಿ). ಬೂದು ಲಡಿ ಪಟ್ಟಿಯಲ್ಲಿ ಇಲ್ಲದಿದ್ದರೆ ಬೂದು ಬರುವುದೇ ಇಲ್ಲ.

ಮಲೆನಾಡ_ಸಂಜೆ
ಚಾಟ್‌ಬಾಟ್‌ಗೆ "ಇಳಕಲ್ ಸೀರೆ ಪ್ಯಾಲೆಟ್ ಕೊಡು" ಅಂದರೆ ಐದು ಹೆಕ್ಸ್ ಕೋಡ್ (ಬಣ್ಣದ ಸಂಕೇತ ಸಂಖ್ಯೆ) ಕೊಡುತ್ತದಲ್ಲ? ಯಾಕಿಷ್ಟು ಕಷ್ಟ?

ಗಣಿತದ_ಮೇಷ್ಟ್ರು
ಕೊಡುತ್ತದೆ. ಆದರೆ ಅದು ಕಲಿತ ಹೆಕ್ಸ್ ಕೋಡ್ ಹೆಚ್ಚಿನವು ವೆಬ್ ಪುಟಗಳ ಸ್ಟೈಲ್ ಶೀಟ್‌ನಿಂದ ಬಂದದ್ದು. ಸೀರೆ ನೋಡಿ ಕೊಡುವುದಲ್ಲ, ಸೀರೆಯ ಬಗ್ಗೆ ಬರೆದದ್ದನ್ನು ಓದಿ ಕೊಡುವುದು. ಕೆಂಪು, ಹಳದಿ, ಹಸಿರು ಅಂತ ಸರಿಯಾಗೇ ಹೇಳುತ್ತದೆ, ಆದರೆ ಯಾವ ಕೆಂಪು? ನಿಮ್ಮ ಅಜ್ಜಿಯ ಸೀರೆಯ ಕೆಂಪು ಅದಕ್ಕೆ ಯಾರೂ ತೋರಿಸಿಲ್ಲ.

ಕೋಡುಬಳೆ
2017ರಲ್ಲಿ ಜನೆಲ್ ಶೇನ್ ಅನ್ನುವ ಸಂಶೋಧಕಿ ಶರ್ವಿನ್-ವಿಲಿಯಮ್ಸ್ ಪೇಂಟ್‌ನ ಸುಮಾರು 7,700 ಬಣ್ಣಗಳ ಹೆಸರು ಮತ್ತು ಸಂಖ್ಯೆ ಕೊಟ್ಟು ನೆಟ್‌ವರ್ಕ್ ಕಲಿಸಿದ್ದರು. ಚಿತ್ರವಿಚಿತ್ರ ಹೆಸರುಗಳು ಬಂದವು, ಹೆಸರಿಗೂ ಬಣ್ಣಕ್ಕೂ ತಾಳೆಯೇ ಇರಲಿಲ್ಲ. ಅವತ್ತಿನಿಂದ ಬಹಳ ಮುಂದೆ ಬಂದಿದ್ದೇವೆ, ಆದರೂ ಬರೀ ಅಕ್ಷರ ಓದಿ ಬಣ್ಣ ಕಲಿಯುವುದಕ್ಕೆ ಒಂದು ಮಿತಿ ಇದ್ದೇ ಇದೆ.

ಅರಿಶಿನ_ಕುಂಕುಮ
ಫೋಟೋ ಯಾವ ಬೆಳಕಿನಲ್ಲಿ ತೆಗೆದಿರಿ? ಇದನ್ನು ಯಾರೂ ಕೇಳಲೇ ಇಲ್ಲ. ಟ್ಯೂಬ್‌ಲೈಟ್ ಕೆಳಗೆ ತೆಗೆದ ಒಂದು ಸೀರೆ, ಹಳದಿ ಬಲ್ಬ್ ಕೆಳಗೆ ತೆಗೆದ ಇನ್ನೊಂದು ಸೀರೆ ಸೇರಿಸಿದರೆ ಮಾಡೆಲ್ ಕಲಿಯುವುದು ಬಲ್ಬಿನ ಬಣ್ಣ. ಫೋನ್ ಬೇರೆ ತಾನೇ ಬಣ್ಣ ಏರಿಸುತ್ತದೆ. ಕೆಂಪಿನಲ್ಲಂತೂ ಎಳೆಯೇ ಕಾಣದಷ್ಟು ಏರಿಸಿಬಿಡುತ್ತದೆ.

ನಾನು ಬಟ್ಟೆ ಫೋಟೋ ತೆಗೆಯುವವಳು. ಜಗುಲಿಯ ನೆರಳಲ್ಲಿ, ಬೆಳಿಗ್ಗೆ ಹೊತ್ತು, ಪ್ರತಿ ಫೋಟೋದಲ್ಲೂ ಒಂದು ಬೂದು ಕಾರ್ಡ್ ಇಟ್ಟು, ರಾ ಫೈಲ್ (ಕ್ಯಾಮೆರಾ ಬಣ್ಣ ತಿದ್ದದ ಮೂಲ ಫೈಲ್) ತೆಗೆಯಿರಿ. ಆಮೇಲೆ ಆ ಕಾರ್ಡ್ ನೋಡಿ ಎಲ್ಲವನ್ನೂ ಒಂದೇ ಬೆಳಕಿಗೆ ತನ್ನಿ.

ಮಲೆನಾಡ_ಸಂಜೆ
ಅಮ್ಮ ಅಂಗಡಿಯಿಂದ ಸೀರೆ ಹೊರಗೆ ಬಿಸಿಲಿಗೆ ತಂದು ನೋಡುತ್ತಿದ್ದದ್ದು ಇದಕ್ಕೇ ಇರಬೇಕು! ರವಿಕೆ ಪೀಸ್ ಒಳಗೆ ಸರಿ ಕೂಡುತ್ತಿತ್ತು, ಹೊರಗೆ ಬಂದರೆ ಬೇರೆ.

ಅರಿಶಿನ_ಕುಂಕುಮ
ಹೌದು, ಇದಕ್ಕೇ. ಅದಕ್ಕೆ ಮೆಟಮೆರಿಸಂ ಅನ್ನುತ್ತಾರೆ. ಎರಡು ಬಟ್ಟೆಗೆ ಬೇರೆ ಬೇರೆ ಬಣ್ಣದ ಪುಡಿ ಹಾಕಿರುತ್ತಾರೆ. ಒಂದು ಬೆಳಕಿನಲ್ಲಿ ಒಂದೇ ಕಾಣುತ್ತವೆ, ಇನ್ನೊಂದರಲ್ಲಿ ಬೇರೆಯಾಗುತ್ತವೆ. ಕ್ಯಾಮೆರಾದ ಮೂರು ಸಂಖ್ಯೆಯಿಂದ ಅದು ತಿಳಿಯುವುದೇ ಇಲ್ಲ. ಅಮ್ಮಂದಿರ ಪದ್ಧತಿಯೇ ಸರಿ.

ಲಾಳಿ_ಸದ್ದು
ಗುಳೇದಗುಡ್ಡದ ಖಣ (ರವಿಕೆ ಬಟ್ಟೆ) ಕೊಳ್ಳುವಾಗಲೂ ಹಾಗೇ. ಸೀರೆ ಕೈಯಲ್ಲಿ ಹಿಡಿದುಕೊಂಡೇ ಹೋಗಬೇಕು. ಬಾಯಲ್ಲಿ ಬಣ್ಣ ಹೇಳಿ ತರಲು ಆಗುವುದಿಲ್ಲ.

ಕಪ್ಪುಬಿಳುಪು
ಸ್ವಲ್ಪ ಬೇರೆ ವಿಷಯ. ನನಗೆ ಕೆಂಪು-ಹಸಿರು ಬೇರೆ ಮಾಡಿ ನೋಡುವುದು ಕಷ್ಟ, ಹುಟ್ಟಿನಿಂದ. ಉತ್ತರ ಯುರೋಪ್ ಮೂಲದ ಗಂಡಸರಲ್ಲಿ ನೂರಕ್ಕೆ ಸುಮಾರು 8 ಮಂದಿಗೆ ಹೀಗಿದೆ ಅನ್ನುತ್ತಾರೆ. ಪ್ಯಾಲೆಟ್ ಮಾಡುವ ಮಾಡೆಲ್‌ಗಳು ನಮ್ಮಂಥವರ ಬಗ್ಗೆ ಯೋಚಿಸುವುದೇ ಇಲ್ಲ. ಕೆಲಸದ ಚಾರ್ಟ್‌ಗಳಲ್ಲಿ ಎರಡು ಗೆರೆ ಒಂದೇ ಕಂಡು ನಾನು ಪಟ್ಟ ಪಾಡು ಬೇರೆ ಇದೆ.

ಪಡುವಣ_ಗಾಳಿ
ಚಾರ್ಟ್‌ಗಾದರೆ ಮಾಡೆಲ್ ಬೇಡವೇ ಬೇಡ. ಸಿಂಥಿಯಾ ಬ್ರೂಯರ್ ನಕ್ಷೆಗಳಿಗೆಂದು ಮಾಡಿದ ಕಲರ್‌ಬ್ರೂಯರ್ ಇದೆ. ಪೈಥಾನ್‌ನ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ವಿರಿಡಿಸ್ ಅನ್ನುವ ಬಣ್ಣಪಟ್ಟಿ ಇದೆ, 2015ರಲ್ಲಿ ಬಂದದ್ದು, ನಿಮ್ಮಂಥ ಕಣ್ಣಿಗೂ ಕಪ್ಪುಬಿಳುಪು ಪ್ರಿಂಟ್‌ಗೂ ಸರಿಹೋಗುವ ಹಾಗೆ ಲೆಕ್ಕ ಹಾಕಿ ಮಾಡಿದ್ದಾರೆ. ಸಾಮಾನ್ಯ ಗಾತ್ರದ ಅಕ್ಷರಕ್ಕೆ ಹಿನ್ನೆಲೆಗಿಂತ ಕನಿಷ್ಠ 4.5ಕ್ಕೆ 1ರ ಕಾಂಟ್ರಾಸ್ಟ್ ಇರಬೇಕು ಅನ್ನುವ ವೆಬ್ ನಿಯಮವೂ ಇದೆ. ಮಾಡೆಲ್ ಏನೇ ಕೊಡಲಿ, ಕೊನೆಗೆ ಈ ಜರಡಿ ಹಿಡಿಯಲೇಬೇಕು.

ಬಣ್ಣದಂಗಡಿ
ಸೀರೆಗೆ ಬನ್ನಿ. ನನ್ನ ಇನ್ನೊಂದು ಆಕ್ಷೇಪ. ಐದು ಸಮನಾದ ಚೌಕ ಇಟ್ಟು ಅದನ್ನು ಪ್ಯಾಲೆಟ್ ಅನ್ನುವುದೇ ನನಗೆ ಒಪ್ಪಿಗೆಯಿಲ್ಲ. ಐದೂವರೆ ಮೀಟರ್ ಕಪ್ಪಿನ ಪಕ್ಕ ಎರಡು ಎಳೆ ಹಳದಿ ಇರುವುದೇ ಬೇರೆ, ಐದೂವರೆ ಮೀಟರ್ ಹಳದಿಯ ಪಕ್ಕ ಎರಡು ಎಳೆ ಕಪ್ಪು ಇರುವುದೇ ಬೇರೆ. ಚೌಕದಲ್ಲಿ ಎರಡೂ ಒಂದೇ! ಯಾವ ಬಣ್ಣ ಎಷ್ಟು, ಯಾವುದರ ಪಕ್ಕ ಯಾವುದು, ಇದನ್ನು ಬಿಟ್ಟರೆ ಬಣ್ಣಗಾರಿಕೆಯಲ್ಲಿ ಇನ್ನೇನು ಉಳಿಯಿತು?

ಶೆವ್ರಲ್ ಅನ್ನುವ ಫ್ರೆಂಚ್ ರಸಾಯನ ಶಾಸ್ತ್ರಜ್ಞ ಪ್ಯಾರಿಸ್‌ನ ಗೋಬೆಲಿನ್ಸ್ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ವಿಭಾಗಕ್ಕೆ ಮುಖ್ಯಸ್ಥರಾಗಿದ್ದರು. ಅಲ್ಲಿ ಕಪ್ಪು ನೂಲು ಮಂಕಾಗಿದೆ ಅಂತ ದೂರು ಬಂತು. ನೂಲು ಪರೀಕ್ಷಿಸಿದರೆ ಕಪ್ಪು ಸರಿಯಾಗೇ ಇದೆ. ಪಕ್ಕದಲ್ಲಿ ನೀಲಿ, ನೇರಳೆ ಇಟ್ಟು ನೇಯ್ದದ್ದರಿಂದ ಅದು ಹಾಗೆ ಕಾಣುತ್ತಿತ್ತು. ಇದರ ಬೆನ್ನು ಹತ್ತಿ ಅವರು 1839ರಲ್ಲಿ ಪಕ್ಕಪಕ್ಕದ ಬಣ್ಣಗಳು ಒಂದನ್ನೊಂದು ಹೇಗೆ ಬದಲಿಸುತ್ತವೆ ಅಂತ ದೊಡ್ಡ ಗ್ರಂಥವನ್ನೇ ತಂದರು. ಇದು ಹುಟ್ಟಿದ್ದೇ ಮಗ್ಗದ ಮುಂದೆ. ನಿಮ್ಮ ಮಾಡೆಲ್‌ನಲ್ಲಿ ಇದು ಎಲ್ಲಿದೆ?

ಹುಣಸೆಮರ_ಕೋಡ್
ಈ ಸಲ ನಿಮ್ಮ ಮಾತಿಗೆ ಪೂರ್ತಿ ಒಪ್ಪಿಗೆ. ಮತ್ತೆ ಇದನ್ನು ಮಾಡೆಲ್‌ಗೆ ಕೊಡಲೂಬಹುದು. ಪ್ರತಿ ಬಣ್ಣದ ಜೊತೆ ಅದರ ಪಾಲು ಕೊಡಿ: ಒಡಲು ಇಷ್ಟು, ದಡಿಯ ಪಟ್ಟೆ ಇಷ್ಟು. ಯಾವ ಬಣ್ಣ ಯಾವುದಕ್ಕೆ ತಾಗಿದೆ ಅನ್ನುವುದನ್ನೂ ಕೊಡಿ. ಒಡಲು ದಡಿಗೆ ತಾಗುತ್ತದೆ, ದಡಿಯೊಳಗಿನ ಹಳದಿ ಗೆರೆ ಒಡಲಿಗೆ ತಾಗುವುದಿಲ್ಲ. ಹತ್ತು ಜೋಡಿಯಲ್ಲಿ ನಿಜವಾಗಿ ಮುಖ್ಯವಾಗುವುದು ನಾಲ್ಕೇ ಜೋಡಿ ಇರಬಹುದು. ಹಳೆ ಸೀರೆಗಳಲ್ಲಿ ತಾಗುವ ಜೋಡಿಗಳ ನಡುವೆ ಬೆಳಕಿನ ಅಂತರ ಎಷ್ಟಿದೆ ಅಂತ ಒಮ್ಮೆ ಅಳೆದು ನೋಡಿ. ಅಲ್ಲಿ ಏನೋ ಪದ್ಧತಿ ಕಾಣುತ್ತದೆ ಅಂತ ನನಗೆ ಅನಿಸುತ್ತಿದೆ.

ಸೆರಗು_ಅಂಚು
ಎಲ್ಲರಿಗೂ ತುಂಬಾ ಧನ್ಯವಾದ. ಒಂದಿಷ್ಟು ಮಾಡಿ ನೋಡಿ ಬರೆಯುತ್ತಿದ್ದೇನೆ.

ಸೀರೆಯನ್ನು ಭಾಗ ಮಾಡಿ, ಜರಿ ತೆಗೆದು, ಓಕೆಲ್ಯಾಬ್‌ನಲ್ಲಿ ಬಣ್ಣ ತೆಗೆದೆ. ಅಂಚಿನ ಹಳದಿ, ಬಿಳಿ ಎಲ್ಲ ಬಂತು. ಚಿಕ್ಕಿ ದಡಿ, ಗೋಮಿ ದಡಿ ಬೇರೆ ಬೇರೆ ಅಂತ ಗುರುತು ಹಾಕಿದ ಮೇಲೆ ಇನ್ನೂ ಸ್ವಚ್ಛ ಬಂತು. ಸೆರಗು ಗಟ್ಟಿ ಇಟ್ಟು, ನೂಲಿನ ಪಟ್ಟಿಯೊಳಗೇ ಆರಿಸು ಅಂದ ಕೂಡಲೇ ಬೂದು ಹೋಯಿತು. ಹತ್ತಿರದ ನೆರೆ ಹುಡುಕುವುದು ನೇಕಾರರಿಗೆ ಎಲ್ಲಕ್ಕಿಂತ ಇಷ್ಟವಾಗಿದೆ. ಫೋಟೋ ನೋಡಿ "ಈ ಸೀರೆ ದಡಿ, ಆ ಸೀರೆ ಒಡಲು" ಅಂತ ಅವರೇ ಕೂಡಿಸಿ ಹೇಳಲು ಶುರು ಮಾಡಿದ್ದಾರೆ.

ಹುಣಸೆಮರ ಹೇಳಿದ ಅಂತರವನ್ನೂ ಅಳೆದೆ. ನನ್ನ ಹತ್ತಿರ ಇರುವ ಸೀರೆಗಳಲ್ಲಿ ಕಡುಬಣ್ಣದ ಒಡಲೇ ಹೆಚ್ಚು. ಒಡಲು-ದಡಿ ಎರಡೂ ಕಡುವಾಗಿದ್ದ ಕಡೆ ಬಹುಪಾಲು ಸೀರೆಗಳಲ್ಲಿ ನಡುವೆ ಒಂದು ಬಿಳಿ ಅಥವಾ ಹಳದಿ ಗೆರೆ ಬಂದೇ ಬಂದಿದೆ. ಎರಡು ಕಡುಬಣ್ಣ ನೇರವಾಗಿ ತಾಗುವುದು ಬಹಳ ಕಡಿಮೆ. ಐದು ಚೌಕದ ಪ್ಯಾಲೆಟ್‌ನಲ್ಲಿ ಇದು ಕಾಣುತ್ತಲೇ ಇರಲಿಲ್ಲ!

ಲಾಳಿ_ಸದ್ದು
ಆ ಗೆರೆ ಇಲ್ಲದಿದ್ದರೆ ದಡಿ ಒಡಲಲ್ಲಿ ಮುಳುಗಿಹೋಗುತ್ತದೆ ಅಂತ ಅಪ್ಪ ಹೇಳುತ್ತಿದ್ದರು. ನಿಮ್ಮ ಲೆಕ್ಕದಲ್ಲೂ ಬಂತಲ್ಲ, ಖುಷಿಯಾಯಿತು.

ಮಲೆನಾಡ_ಸಂಜೆ
ಒಂದು ಚಿಂತೆ. ಈ ಪ್ಯಾಲೆಟ್‌ಗಳನ್ನೆಲ್ಲ ಆನ್‌ಲೈನ್‌ನಲ್ಲಿ ಹಾಕಿದರೆ ಪವರ್‌ಲೂಮ್‌ನವರು ನಾಳೆಯೇ ಪಾಲಿಯೆಸ್ಟರ್‌ನಲ್ಲಿ ಅಚ್ಚು ಹೊಡೆದು ಮಾರುತ್ತಾರೆ. ಇಳಕಲ್ ಸೀರೆಗೆ ಜಿಐ (ಭೌಗೋಳಿಕ ಗುರುತು) ಇದೆಯಲ್ಲ, ಅದು ಕಾಪಾಡುತ್ತದಾ?

ಗಣಿತದ_ಮೇಷ್ಟ್ರು
ಜಿಐ ಕಾಪಾಡುವುದು ಹೆಸರು ಮತ್ತು ಊರಿನ ನಂಟನ್ನು. ಬೇರೆ ಕಡೆ ನೇಯ್ದು ಇಳಕಲ್ ಸೀರೆ ಅಂತ ಮಾರುವ ಹಾಗಿಲ್ಲ. ಆದರೆ ಕೆಂಪಿನ ಪಕ್ಕ ಹಸಿರು ಇಡಬಾರದು ಅಂತ ಯಾರಿಗೂ ಹೇಳಲು ಬರುವುದಿಲ್ಲ.

ಬಣ್ಣದಂಗಡಿ
ಹಾಗಿದ್ದರೆ ಹಾಕಲೇಬೇಡಿ. ನೇಕಾರರ ಗುಂಪಿನೊಳಗೇ ಇರಲಿ. ಅವರ ಅಜ್ಜಂದಿರ ಕಣ್ಣು ಅದು, ಬೇರೆಯವರ ಕಂಪ್ಯೂಟರ್‌ಗೆ ಮೇವಾಗುವುದು ಬೇಡ.

ಪಡುವಣ_ಗಾಳಿ
ಬಚ್ಚಿಟ್ಟರೆ ಪೆಟ್ಟಿಗೆಯಲ್ಲೇ ಹೋಗುತ್ತದೆ, ಗುಂಪಿನವರಿಗೆ ಬಿಟ್ಟು ಬೇರೆ ಯಾರಿಗೂ ಕಾಣುವುದಿಲ್ಲ. ನಾಳೆ ಬೇರೆ ಹುಡುಗರು ಇದರ ಮೇಲೆ ಒಳ್ಳೆ ಕೆಲಸ ಮಾಡಬಹುದು. ಸಂಖ್ಯೆಗಳನ್ನು ಹಾಕಿ, ಫೋಟೋ ಬೇಡ.

ಲಾಳಿ_ಸದ್ದು
ನೀವು ಇಬ್ಬರೂ ಹೇಳುವುದಲ್ಲ ಇದು. ನೇಕಾರರನ್ನೂ ಸೀರೆ ಕೊಟ್ಟ ಮನೆಯವರನ್ನೂ ಕೂರಿಸಿ ಕೇಳಬೇಕು.

ಸೆರಗು_ಅಂಚು
ಹಾಗೇ ಮಾಡುತ್ತೇನೆ ಅಣ್ಣ. ಅವರು ಒಪ್ಪಿದಷ್ಟನ್ನೇ ಹಾಕುವುದು. ಅಷ್ಟರಲ್ಲಿ ಒಂದು ಪ್ರಶ್ನೆ. ಮಾಡೆಲ್ ಕೊಟ್ಟ ಜೋಡಿಗಳನ್ನು ಮಗ್ಗಕ್ಕೆ ಹಾಕುವ ಮೊದಲು ಕಡಿಮೆ ಖರ್ಚಿನಲ್ಲಿ ನೋಡುವುದು ಹೇಗೆ? ಪರದೆ ಮೇಲೆ ನೋಡಿ ನಂಬುವುದು ಬೇಡ ಅಂತ ಈಗ ಗಟ್ಟಿಯಾಗಿದೆ.

ಲಾಳಿ_ಸದ್ದು
ಒಂದು ರಟ್ಟು ತಗೊಳ್ಳಿ. ದಡಿಯಲ್ಲಿ ಎಷ್ಟೆಷ್ಟು ಎಳೆ ಬರುತ್ತದೋ ಅದೇ ಅಳತೆಯಲ್ಲಿ ನೂಲನ್ನು ಒತ್ತೊತ್ತಾಗಿ ಸುತ್ತಿ, ಒಡಲಿನ ನೂಲು ಎರಡೂ ಪಕ್ಕ ಅಗಲವಾಗಿ ಬರಲಿ. ರಟ್ಟಿನ ಹಿಂದೆ ಲಡಿಯ ಸಂಖ್ಯೆ ಬರೆಯಿರಿ. ಬಿಸಿಲಲ್ಲಿ ಒಮ್ಮೆ, ಸಂಜೆ ದೀಪದಲ್ಲಿ ಒಮ್ಮೆ ನೋಡಿ. ಎರಡೂ ಕಡೆ ನಿಂತದ್ದನ್ನು ಮಾತ್ರ ಹಾಸಿಗೆ ಕೊಡಿ. ಹಾಸು-ಹೊಕ್ಕಿನ ಬೆರಕೆ ರಟ್ಟಿನಲ್ಲಿ ಕಾಣುವುದಿಲ್ಲ, ಅದಕ್ಕೆ ಬೇರೆ ಹಾಸಿನ ತುದಿಯಲ್ಲಿ ಒಂದು ಗೇಣು ನೇಯಿಸಿ ನೋಡಬೇಕು.

ಅರಿಶಿನ_ಕುಂಕುಮ
ಆ ರಟ್ಟುಗಳನ್ನೂ ಬೂದು ಕಾರ್ಡ್ ಇಟ್ಟು ಫೋಟೋ ತೆಗೆದಿಡಿ. ನೇಕಾರರು ಯಾವುದನ್ನು ಒಪ್ಪಿದರು, ಯಾವುದನ್ನು ಬೇಡ ಅಂದರು ಅಂತ ಪಕ್ಕದಲ್ಲಿ ಬರೆದುಕೊಳ್ಳಿ. ಫೋಟೋ ಕೆಲಸಕ್ಕೆ ಕೈ ಬೇಕಾದರೆ ಹೇಳಿ, ನಾನು ಹುಬ್ಬಳ್ಳಿಯಲ್ಲೇ ಇರುವುದು.